ಇಳಿಜಾರಿನಲ್ಲಿ ಕ್ಲಚ್ ಮುಟ್ಟದ ಕಾಲು

ಎನ್. ಬೇಗೂರಿನ ಕಡೆ ಫೋರ್‌ವೀಲ್ ಡ್ರೈವ್ ಗಾಡಿ ಕೊಂಡವರಿಗೆ ಕಾಡಿನ ಮಣ್ಣುದಾರಿ ಕಣ್ಣೆದುರೇ ಇದೆ. ಆದರೆ ಆ ಕಾಡು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು. ಅಪ್ಪಣೆಯಿಲ್ಲದೆ ಒಳನುಗ್ಗುವುದು ಅಪರಾಧ.

ಹಾಗಾಗಿ ಬೆಟ್ಟದ ಚಾಲನೆ ಕಲಿಯಬೇಕೆಂದರೆ ಹುಣಸೂರು, ಪಿರಿಯಾಪಟ್ಟಣ ದಾಟಿ ಮಡಿಕೇರಿಗೆ ಹೋಗಿ, ಮಾಂದಲಪಟ್ಟಿಯ ಜೀಪು ಚಾಲಕರ ಪಕ್ಕದಲ್ಲಿ ಕೂರಬೇಕು. 2008ರ ‘ಗಾಳಿಪಟ’ ಚಿತ್ರದ ಮುಗಿಲುಪೇಟೆ ಅದೇ. ಅಲ್ಲಿನ ಏರು ಕಡಿದಾದದ್ದು, ತಿರುವು ಇಕ್ಕಟ್ಟು, ಮಳೆಗಾಲದಲ್ಲಂತೂ ಎದುರಿನ ಗಾಡಿಯೇ ಮಂಜಿನಲ್ಲಿ ಕರಗಿಹೋಗುತ್ತದೆ.

ನುರಿತವರ ಕೈಚಳಕವೆಲ್ಲ ನಿಧಾನದಲ್ಲಿದೆ. ಏರು ಶುರುವಾಗುವ ಮೊದಲೇ ಲೋ ರೇಂಜ್ ಹಾಕುತ್ತಾರೆ. ಎಂಜಿನ್ ಅಷ್ಟೇ ತಿರುಗಿದರೂ ಚಕ್ರಕ್ಕೆ ವೇಗ ತಗ್ಗಿ ಬಲ ಹೆಚ್ಚುತ್ತದೆ. ಕೊರಕಲಿನೊಳಗೆ ಚಕ್ರ ಇಳಿಸದೆ ಅದರ ದಿಬ್ಬದ ಮೇಲೆಯೇ ನಡೆಸುತ್ತಾರೆ. ಇಳಿಯುವಾಗ ಮೊದಲ ಗೇರು, ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಕ್ಲಚ್ ತುಳಿದರೆ ಆ ಹಿಡಿತ ತಪ್ಪಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಏರಿನ ನಡುವೆ ಎಂಜಿನ್ ನಿಂತರೆ ಗಾಡಿ ತಿರುಗಿಸಲು ಹೋಗಬಾರದು, ಅಡ್ಡಲಾದ ಗಾಡಿ ಉರುಳುತ್ತದೆ. ಬ್ರೇಕ್ ಹಿಡಿದು, ರಿವರ್ಸ್ ಗೇರಿನಲ್ಲಿ ನೇರ ಹಿಂದಕ್ಕೆ ಇಳಿಯಬೇಕು.

ಎರಡು ಗಾಡಿ ಎದುರಾದರೆ ಏರುವವನಿಗೆ ದಾರಿ. ಸಂಚಾರ ನಿಯಮವೂ ಹಾಗೆಯೇ ಇದೆ, ಆದರೆ ರಜಾದಿನದ ಪ್ರವಾಸಿಗರಲ್ಲಿ ಅನೇಕರಿಗೆ ತಿಳಿದಿಲ್ಲ.

ಮಾಂದಲಪಟ್ಟಿ ಪುಷ್ಪಗಿರಿ ವನ್ಯಜೀವಿಧಾಮದ ನೆಲ. ದಾರಿ ಬಿಟ್ಟು ಹುಲ್ಲಿನ ಮೇಲೆ ಹರಿದ ಟೈರಿನ ಜಾಡು ಮುಂದಿನ ಮಳೆಗೆ ಕೊರಕಲಾಗುತ್ತದೆ. ದಯವಿಟ್ಟು ಗಾಡಿಯನ್ನು ಹುಲ್ಲುಗಾವಲಿಗೆ ಇಳಿಸಬೇಡಿ.