ಹದಿನೇಳು ಗಂಟೆಯ ದಾರಿ

ದೂರದೇಶದಲ್ಲಿರುವ ಮಕ್ಕಳು ಎಷ್ಟು ಹೊತ್ತಿಗೆ ಮನೆಯನ್ನು ಮುಟ್ಟಬಲ್ಲರೆಂದು ಲೆಕ್ಕಹಾಕದ ತಾಯಿಯುಂಟೆ? ನನ್ನ ತಮ್ಮನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆಲೆಸಿದಂದಿನಿಂದ ಸಂಸೆಯ ನಮ್ಮ ಮನೆಯಲ್ಲಿ ಅಮ್ಮನದು ಅದೊಂದೇ ಪ್ರಶ್ನೆಯಾಗಿತ್ತು.

ಒಮ್ಮೆ ರಜೆಗೆ ಬಂದಿದ್ದಾಗ ಅವನು ಹಿತ್ತಿಲಿನ ಚಕ್ಕೋತದ ಹಣ್ಣೊಂದನ್ನು ತಂದು, ಎರಡು ಊರುಗಳಿಗೆ ಎರಡು ಲವಂಗಗಳನ್ನು ಚುಚ್ಚಿ, ಹೂ ಕಟ್ಟುವ ಬಾಳೆನಾರನ್ನು ಅವುಗಳ ನಡುವೆ ಬಿಗಿಯಾಗಿ ಎಳೆದು ತೋರಿಸಿದನು. ಊರುಗಳೆರಡೂ ಭೂಗೋಳದ ಆ ಮಗ್ಗುಲು ಈ ಮಗ್ಗುಲುಗಳಲ್ಲಿರುವುದರಿಂದ, ನಾರು ಪೂರ್ವಕ್ಕಾಗಲಿ ಪಶ್ಚಿಮಕ್ಕಾಗಲಿ ಸುತ್ತದೆ, ತೊಟ್ಟಿನ ಬಳಿಯಲ್ಲಿ, ಎಂದರೆ ಉತ್ತರಧ್ರುವದ ಸಮೀಪದಲ್ಲಿ ಹಾಯ್ದುಹೋಯಿತು. ಅದೇ ಅತ್ಯಂತ ಹತ್ತಿರದ ದಾರಿ; 13,993 ಕಿಲೋಮೀಟರು. 2021ನೆಯ ಜನವರಿ 9ರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾ ವಿಮಾನವು, ಸ್ತ್ರೀಯರೇ ಚಾಲಕರಾಗಿ, ಎಲ್ಲಿಯೂ ಇಳಿಯದೆ ಸುಮಾರು 17 ಗಂಟೆಗಳಲ್ಲಿ ಬೆಂಗಳೂರನ್ನು ಸೇರಿತು. ಇಲ್ಲಿ ಆಗ 11ನೆಯ ತಾರೀಖಿನ ಬೆಳಗಿನ ಜಾವ. ನಡುವಣ ದಿನವೆಲ್ಲಿ ಹೋಯಿತೆಂದರೆ, ಚಳಿಗಾಲದಲ್ಲಿ ನಮ್ಮ ಗಡಿಯಾರವು ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುವುದಷ್ಟೆ.

"ಹದಿನೇಳು ಗಂಟೆ ತಾನೆ! ಇವತ್ತು ಕರೆದರೆ ನಾಳೆ ಬಂದಾನು" ಎಂದು ಅಮ್ಮ ಸಮಾಧಾನಪಟ್ಟಳು. ನಾನೂ ಆ ಸಂಖ್ಯೆಯನ್ನು ನಂಬಿದೆನು.

2023ನೆಯ ಮಳೆಗಾಲದಲ್ಲಿ ಅಮ್ಮನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದಿತು. ದಿನವೂ ವಿಚಾರಿಸುತ್ತಿದ್ದ ತಮ್ಮನಿಗೆ, "ಗಾಬರಿಯೇನಿಲ್ಲ, ಬರಬೇಕಾದರೆ ಹೇಳುತ್ತೇನೆ" ಎನ್ನುತ್ತ ಮೂರು ದಿನ ಕಳೆದೆನು. ನಾಲ್ಕನೆಯ ದಿನ ಹೇಳಿದೆನು. ಅಂದು ಹೊರಡುವ ನೇರ ವಿಮಾನವಿರಲಿಲ್ಲ. ಸಿಕ್ಕಿದ ವಿಮಾನವನ್ನೇರಿ, ನಡುವೆ ಒಂದೆಡೆ ಇಳಿದು ಕಾದು, ಅವನು ಬೆಂಗಳೂರಿಗೆ ಬಂದನು. ಅಲ್ಲಿಂದ ಸಂಸೆಗೆ ಹಕ್ಕಿ ಹಾರುವ ದಾರಿ ಸುಮಾರು 250 ಕಿಲೋಮೀಟರು ಮಾತ್ರ. ಭೂಮಂಡಲವನ್ನು ಬಳಸಿ ಬಂದವನಿಗೆ ಅದೇನು ಮಹಾ ದೂರ? ಆದರೆ ನಮ್ಮ ಘಟ್ಟದಲ್ಲಿ ಹಕ್ಕಿಯ ದಾರಿ ಮನುಷ್ಯರಿಗಿಲ್ಲ. ಕೊಟ್ಟಿಗೆಹಾರವನ್ನು ದಾಟಿದ ಮೇಲೆ ಮರವುರುಳಿ ರಸ್ತೆ ಮುಚ್ಚಿದ್ದಿತು. ಅವನು ನಮ್ಮ ಜಗಲಿಯನ್ನೇರಿದಾಗ ಅಮ್ಮ ಹೋಗಿ ಅರ್ಧದಿನವಾಗಿದ್ದಿತು.

ಅವನು ನನ್ನನ್ನು ಆಕ್ಷೇಪಿಸಲಿಲ್ಲ. ಬಹಳ ಹೊತ್ತಿನ ಮೇಲೆ, "ಅಕ್ಕಾ, ಕಡೆಗೆ ಏನಾದರೂ ಕೇಳಿದಳೇ?" ಎಂದನು.

"ಎಲ್ಲಿಯವರೆಗೆ ಬಂದ ಎಂದು ಕೇಳಿದಳು" ಎಂದೆನು.

ಸೋದರಿಯರೇ, ಹದಿನೇಳು ಗಂಟೆಯೆಂಬುದು ಆಕಾಶದ ಲೆಕ್ಕ. ಟಿಕೆಟ್ಟು, ಕಾಯುವಿಕೆ, ಮಳೆ, ಮರ ಇವಾವುವೂ ಅದರಲ್ಲಿ ಸೇರಿಲ್ಲ. ಮನೆಯವರ ಲೆಕ್ಕವಾದರೋ ಹೇಳಬೇಕಾದ ಮಾತನ್ನು ಹೇಳಿದ ಗಳಿಗೆಯಿಂದ ಮೊದಲಾಗುತ್ತದೆ. ನಾನು ಕಳೆದ ಆ ಮೂರು ದಿನಗಳನ್ನು ಯಾವ ವಿಮಾನವೂ ಹಿಂದಕ್ಕೆ ತರಲಾರದು. ಈಗ ಮನೆಯಲ್ಲಿ ಯಾರಿಗೆ ನೆಗಡಿಯಾದರೂ ತಮ್ಮನಿಗೆ ಅಂದೇ ತಿಳಿಸುತ್ತೇನೆ. ಅವನು ನಗುತ್ತಾನೆ, ನಗಲಿ.