ರಾಮಾ ಗ್ರೀನ್ ಎಲ್ಲಿ ಹೋಯಿತು?

ಅತ್ತಿಗೆ ಕೊಂಡ ಮೊಳಕಾಲ್ಮುರು ರೇಷ್ಮೆ ಸೀರೆಯ ಫೋಟೋ ಒಂದು ಮೊಬೈಲಿನಲ್ಲಿ ಹಸಿರು, ಇನ್ನೊಂದರಲ್ಲಿ ನೀಲಿ. ಸೀರೆಯೋ ಅಪ್ಪಟ ರಾಮಾ ಗ್ರೀನ್. "ಯಾವ ಫೋನ್ ಸರಿ ಹೇಳಪ್ಪ" ಎಂದರು. ನನಗೆ ಇದಕ್ಕಿಂತ ಖುಷಿಯ ಪ್ರಶ್ನೆ ಇಲ್ಲ. ನಾಯಕನಹಟ್ಟಿಯ ಬಿಸಿಲಿಗೆ ಕಿಟಕಿ ಮುಚ್ಚಿ, ಪರದೆಗಳನ್ನು ಅರ್ಧ ಗಂಟೆ ಕಾಯಿಸಿ, ಬಣ್ಣಮಾಪಕ ಹಚ್ಚಿದೆ.

ಎರಡೂ ಸರಿಯಲ್ಲ. 1996ರಲ್ಲಿ ಎಚ್‌ಪಿ, ಮೈಕ್ರೋಸಾಫ್ಟ್ ಸೇರಿ ಆಗಿನ ಗಾಜಿನ ಕೊಳವೆಯ ಮಾನಿಟರುಗಳಿಗೆ ಹೊಂದುವಂತೆ ರೂಪಿಸಿದ ಎಸ್‌ಆರ್‌ಜಿಬಿ ಎಂಬ ಬಣ್ಣದ ಅಳತೆಯ, ಅಂದರೆ ಪರದೆ ತೋರಬಲ್ಲ ಬಣ್ಣಗಳ, ತ್ರಿಕೋನದ ಹಸಿರು-ನೀಲಿ ಅಂಚಿನಾಚೆಗೇ ಗಾಢ ರಾಮಾ ಗ್ರೀನ್ ಇರುವುದು. ಫೋಟೋ ಆ ಅಳತೆಯಲ್ಲಿ ಸೇವ್ ಆದಾಗಲೇ ಬಣ್ಣ ಕಳೆದಿರುತ್ತದೆ. ಸಿನಿಮಾಕ್ಕೆಂದು ಬಂದ ಪಿ3 ಎಂಬ ಅಳತೆ ಕೆಂಪು, ಹಸಿರಿನ ಮೂಲೆಗಳನ್ನು ಆಚೆ ತಳ್ಳಿತು. ನೀಲಿ ಮೂಲೆ ಮಾತ್ರ ಅಲ್ಲೇ ಉಳಿಯಿತು. ಹೀಗಾಗಿ ನಮ್ಮ ಬಣ್ಣಕ್ಕೆ ಸಿಕ್ಕ ಜಾಗ ಸ್ವಲ್ಪವೇ. ಇದರ ಮೇಲೆ ಫೋನಿನ 'ವಿವಿಡ್' ಮೋಡ್ ಇದ್ದ ಬಣ್ಣವನ್ನೆಲ್ಲ ಎಳೆದು ಹಿಗ್ಗಿಸುತ್ತದೆ. ಅಳೆಯುವ ಮುನ್ನ ಅದನ್ನು ಆಫ್ ಮಾಡಿ. ಮಬ್ಬು ಬೆಳಕಿನ ಪಟ್ಟಿಗಳನ್ನೂ ಅಳೆಯಿರಿ: ಎಲ್‌ಸಿಡಿಯಲ್ಲಿ ಹಿಂಬದಿ ಬೆಳಕು ಸೋರಿ ಬಣ್ಣ ತೆಳುವಾಗುವುದು ಅಲ್ಲೇ ಗೊತ್ತಾಗುತ್ತದೆ.

ನನ್ನ ಜಗಳ ಇರುವುದು ಪರದೆಯ ಡಬ್ಬಿಯ ಮೇಲಿನ ಶೇಕಡಾವಾರಿನ ಜೊತೆ. 'ಎನ್‌ಟಿಎಸ್‌ಸಿ ಶೇ. 72' ಎಂದು ಬರೆದರೆ, ಓಹೋ ಎಸ್‌ಆರ್‌ಜಿಬಿ ಪೂರ್ತಿ ಎಂದು ಪರದೆ ಅಳೆಯುವ ಹವ್ಯಾಸದವರೇ ತಲೆಯಾಡಿಸುತ್ತಾರೆ. ಅದು ಬರೀ ವಿಸ್ತೀರ್ಣ! ಚಳ್ಳಕೆರೆಯಲ್ಲಿ ಎರಡು ಎಕರೆ ಇದ್ದವನಿಗೆ ನಾಯಕನಹಟ್ಟಿಯ ಎರಡು ಎಕರೆ ಸೇರುತ್ತದೆಯೇ? ತ್ರಿಕೋನ ಎಷ್ಟು ದೊಡ್ಡದು ಎಂಬುದಲ್ಲ, ಬೇಕಾದ ಜಾಗವನ್ನು ಎಷ್ಟು ಮುಚ್ಚುತ್ತದೆ ಎಂಬುದು ಮುಖ್ಯ. ಅದೂ ಎನ್‌ಟಿಎಸ್‌ಸಿ ಎಂಬುದು 1953ರ ಟಿವಿ ಅಳತೆ. ಅದರ ಹಸಿರನ್ನು ಟಿವಿ ತಯಾರಕರೇ ಎಂದೋ ಕೈಬಿಟ್ಟರು. ಈ ವಿಸ್ತೀರ್ಣ ಅಳೆಯುವ 1931ರ ಬಣ್ಣದ ನಕ್ಷೆ ಹಸಿರು ಭಾಗವನ್ನು ಹಿಗ್ಗಿಸಿ ತೋರಿಸುತ್ತದೆಂದು ವಿಜ್ಞಾನಿ ಮ್ಯಾಕ್‌ಆಡಮ್ 1942ರಲ್ಲೇ ಅಳೆದು ತೋರಿಸಿದ. ತಿದ್ದಿದ ನಕ್ಷೆ 1976ರಲ್ಲಿ ಬಂತು. ಇನ್ನೂ ಹಳೆಯದರಲ್ಲೇ ಲೆಕ್ಕ ಹಾಕಿ ಗಿರಾಕಿಗೆ ಕೊಡುವುದು ಮೋಸ, ಬೇರೆ ಮಾತಿಲ್ಲ.

ಮಾಪಕ ಬದಿಗಿಟ್ಟು ಸೀರೆಯನ್ನೇ ನೋಡುತ್ತ ಕೂತೆ. ಹಾಸು ಹಸಿರು, ಹೊಕ್ಕು ನೀಲಿ. ಸೆರಗು ಹೊರಳಿಸಿದರೆ ಒಂದು ನೂಲು ಹಿಂದೆ ಸರಿದು ಇನ್ನೊಂದು ಮುಂದೆ ಬರುತ್ತದೆ. ಒಂದೇ ಬಟ್ಟೆ, ಕೋನಕ್ಕೊಂದು ಬಣ್ಣ. ಯಾವ ತ್ರಿಕೋನದಲ್ಲೂ ಇದಕ್ಕೆ ಒಂದೇ ಚುಕ್ಕಿ ಇಡಲಾಗದು. ಎಷ್ಟು ಒಳ್ಳೆಯ ಪರದೆ ಬಂದರೂ ಒಂದು ಫೋಟೋದಲ್ಲಿ ಇದು ಸಿಗುವುದಿಲ್ಲ.

ಫೋನಿನಲ್ಲಿ ಸೀರೆ ಮಾರುವ ಮೊಳಕಾಲ್ಮುರಿನ ನೇಕಾರರಲ್ಲಿ ನನ್ನದೊಂದು ಕೋರಿಕೆ: ಫೋಟೋದ ಕೆಳಗೆ ಹಾಸು ಯಾವ ಬಣ್ಣ, ಹೊಕ್ಕು ಯಾವ ಬಣ್ಣ ಎಂದು ಬರೆಯಿರಿ.