ಬೆನ್ನಿಗೊಂದು ಸೂಜಿ

ಆಪರೇಷನ್ ಟೇಬಲ್ಲಿನ ಅಂಚಿಗೆ ಕಾಲು ಇಳಿಬಿಟ್ಟು ಕೂತಿದ್ದೀರಿ. ಬೆನ್ನ ಮೇಲೆ ಬೆಟಾಡಿನ್ ತಣ್ಣಗೆ ಇಳಿಯುತ್ತಿದೆ, ಸ್ಪಿರಿಟ್ ವಾಸನೆಗೆ ಗಂಟಲು ಒಣಗಿದೆ. ತಾಂಬಾದಿಂದ ವಿಜಯಪುರದ ಈ ಆಸ್ಪತ್ರೆಗೆ ಬರುವ ದಾರಿಯುದ್ದಕ್ಕೂ ಅತ್ತೆಯದು ಒಂದೇ ಮಾತು: "ಬೆನ್ನಾಗ ಸೂಜಿ ಚುಚ್ಚಿಸ್ಕೊಂಡ್ರ ಸಾಯೂತನಕ ಸ್ವಂಟನೋವು ಬಿಡಂಗಿಲ್ಲವ್ವಾ. ನಾಳಿ ಕೊಡ ಹೊರಾವ್ರು ಯಾರು?" ಕೊಡ, ಜೋಳದ ಹೊಲ, ನಿಂಬೆ ತೋಟ, ನಿಮ್ಮ ದುಡಿಮೆಯೆಲ್ಲ ಈ ಬೆನ್ನಿನದೇ.

ಆದರೆ ಮೊದಲ ಸಿಸೇರಿಯನ್ನಿನ ರಾತ್ರಿಯೂ ಮರೆತಿಲ್ಲ. ಹೊಲಿಗೆ ಬಿಚ್ಚೀತೆಂದು ಕೆಮ್ಮು ನುಂಗಿದ್ದು, ಕೂಸು ಅತ್ತರೂ ಮಗ್ಗುಲಾಗಲಾರದೆ ಹಲ್ಲು ಕಚ್ಚಿ ಮಲಗಿದ್ದು. ಈ ಎರಡನೇ ಸಲ ಆ ನೋವು ತಡೆಯಲು ಬೆನ್ನಿಗೊಂದು ನಳಿಗೆ ಇಡಬಹುದಂತೆ. ಸೂಜಿ ಹೋದ ಜಾಗ ಕೆಲವು ದಿನ ನೋಯಬಹುದು, ವರ್ಷಗಟ್ಟಲೆ ಕಾಡುವ ಬೆನ್ನುನೋವಿಗೆ ಇದು ಕಾರಣವೆಂದು ಸಂಶೋಧನೆಗಳಲ್ಲಿ ಕಂಡಿಲ್ಲ ಎಂದು ಅರಿವಳಿಕೆ ವೈದ್ಯರು ಬಿಡಿಸಿ ಹೇಳಿದರು. ಅತ್ತೆಯ ಮುಖ ನೋಡದೆ ನೀವೇ ಅಂದಿರಿ: "ಹಾಕ್ರಿ."

"ಬೆನ್ನ ಬಾಗಸು ತಂಗಿ." ಗದ್ದ ಎದೆಗೆ ಒತ್ತುತ್ತೀರಿ. ಮೊದಲ ಚುಚ್ಚು ಚುರುಗುಟ್ಟುತ್ತದೆ, ಆಮೇಲೆ ಬರೀ ಒತ್ತಡ. ಬೆನ್ನುಹುರಿ ಇದಕ್ಕಿಂತ ಮೇಲೆಯೇ ಮುಗಿದಿದೆ, ಆದರೂ ಎದೆ ಹೊಡೆದುಕೊಳ್ಳುತ್ತದೆ. ಸೂಜಿ ಇಷ್ಟಿಷ್ಟೇ ಒಳಗೆ ಹೋಗುತ್ತಿದೆ. ಸಿರಿಂಜು ಒತ್ತುವ ಹೆಬ್ಬೆರಳಿಗೆ ತಡೆ ತಟ್ಟನೆ ಸಡಿಲಿದ ಕಡೆಯೇ ಎಪಿಡ್ಯೂರಲ್, ನರಗಳಿರುವ ನೀರಿನ ಚೀಲದ ಹೊರಗಿನ ಜಾಗ. ಸ್ಪೇನಿನ ಸೇನಾ ವೈದ್ಯ ಫಿಡೆಲ್ ಪಾಜೆಸ್ 1921ರಲ್ಲಿ ಈ ಜಾಗದ ಅರಿವಳಿಕೆಯ ಬಗ್ಗೆ ಬರೆದರು. ಶಸ್ತ್ರಚಿಕಿತ್ಸೆಗೆಂದು ಇನ್ನೂ ಒಳಗಿನ ಆ ನೀರಿನ ಚೀಲಕ್ಕೆ ಒಂದು ಡೋಸ್ ಹೋಗುತ್ತದೆ. ರಾತ್ರಿಯ ನೋವಿಗೆಂದು ಹೊಲಿಗೆ ದಾರದಂಥ ನಳಿಗೆ ಎಪಿಡ್ಯೂರಲ್ ಜಾಗಕ್ಕೆ ಸರಿಯುತ್ತದೆ.

ಎಡಗಾಲಿಗೆ ಕರೆಂಟು ಹೊಡೆಯುತ್ತದೆ! ಕಾಲು ಹೋಯಿತೇ? "ಅಲಗ್ಯಾಡಬ್ಯಾಡ!" ಉಸಿರು ಕಟ್ಟುತ್ತದೆ. ನಳಿಗೆ ನರಕ್ಕೆ ತಾಗಿದೆ. ವೈದ್ಯರ ಕೈ ನಿಲ್ಲುತ್ತದೆ. ನೀವು ಕಾಯುತ್ತೀರಿ. ಹೋಯಿತು, ಕರೆಂಟು ಹೋಯಿತು.

ಕೂಸಿನ ಅಳು ಕೇಳಿದ್ದಷ್ಟೇ ನೆನಪು. ಈಗ ವಾರ್ಡು, ರಾತ್ರಿ. ಕಾಲ ಹೆಬ್ಬೆರಳು ಜುಮ್ಮೆನ್ನುತ್ತದೆ, ಮೊಣಕಾಲು ಅಲುಗುತ್ತದೆ, ಹಿಂದೆಯೇ ನೋವು ಬರುತ್ತದೆ. ಗಾಯ ಉರಿಯುತ್ತದೆ. ಗರ್ಭಕೋಶ ಹಿಂಡುತ್ತದೆ. ಮೈಯೆಲ್ಲ ಬೆವರು. ತಡೆದುಕೊಳ್ಳಲೇ, ಕರೆಯಲೇ? "ಸಿಸ್ಟರ್!"

ಭುಜಕ್ಕೆ ಅಂಟಿಸಿದ ನಳಿಗೆಯ ತುದಿಗೆ ವೈದ್ಯರು ಸಿರಿಂಜು ಹಚ್ಚಿ, ಮೊದಲು ಹಿಂದಕ್ಕೆ ಎಳೆದು, ರಕ್ತವಾಗಲಿ ನೀರಾಗಲಿ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಔಷಧಿ ಬಿಡುತ್ತಾರೆ. ಬೆನ್ನಗುಂಟ ತಂಪು ಇಳಿಯುತ್ತದೆ. ಜೋಮು ಹಿಡಿಸುವ ಔಷಧಿ, ತೆಳುವಾಗಿಸಿದ ಬುಪಿವಕೇನ್, ಕಾಲು ಗಂಟೆಯ ಸುಮಾರಿಗೆ ಉರಿ ತಗ್ಗಿಸುತ್ತದೆ. ಜೊತೆಗಿನ 2-3 ಮಿಲಿಗ್ರಾಂ ಮಾರ್ಫಿನ್ ನಿಧಾನವಾದರೂ ಹೆಚ್ಚುಕಡಿಮೆ ಒಂದು ದಿನ ನೋವು ತಡೆಯುತ್ತದೆ. ಮೂಗು ತುರಿಸುತ್ತದೆ, ಅದೂ ಮಾರ್ಫಿನ್ನಿನದೇ. ಸಿಸ್ಟರ್ ಗಡಿಯಾರ ನೋಡುತ್ತ ನಿಮ್ಮ ಉಸಿರು ಎಣಿಸುತ್ತಿದ್ದಾರೆ, ಏಕೆಂದರೆ ಈ ಔಷಧಿ ಉಸಿರನ್ನು ನಿಧಾನಿಸಬಲ್ಲದು. ರಾತ್ರಿಯಿಡೀ ಎಣಿಸುವವರಿಲ್ಲದ ಕಡೆ ಇದನ್ನು ಕೊಡಲೇಬಾರದು.

ಕೂಸು ಅಳುತ್ತದೆ. ನೀವು ಮಗ್ಗುಲಾಗುತ್ತೀರಿ. ಹೊಟ್ಟೆ ಜಗ್ಗುತ್ತದೆ, ಕೊಯ್ಯುವುದಿಲ್ಲ. ಅತ್ತೆ ಕೂಸನ್ನು ಎದೆಗೆ ಹಚ್ಚುತ್ತಾರೆ. ನೀವು ಕೆಮ್ಮುತ್ತೀರಿ, ಧೈರ್ಯವಾಗಿ.

ಎಲ್ಲ ಆಸ್ಪತ್ರೆಯಲ್ಲೂ ಈ ನಳಿಗೆ ಸಿಗುವುದಿಲ್ಲ. ಸಿಗದಿದ್ದರೆ ಆಪರೇಷನ್ನಿನ ಸೂಜಿಯಲ್ಲೇ ಅತಿ ಸಣ್ಣ ಪ್ರಮಾಣದ ಮಾರ್ಫಿನ್, ಹೊಟ್ಟೆಯ ಗೋಡೆಯ ನರಗಳಿಗೆ ಇಂಜೆಕ್ಷನ್, ಹೊತ್ತುಹೊತ್ತಿಗೆ ಪ್ಯಾರಾಸಿಟಮಾಲ್ ಇವೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ನೂ ಔಷಧಿಯೂ ಉಚಿತ, 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಕೊಟ್ಟ ಹಕ್ಕು ಅದು. ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಹೋದಾಗಲೇ ಕೇಳಿ: ಆಪರೇಷನ್ ಆದಮೇಲಿನ ನೋವಿಗೆ ಏನು ಕೊಡ್ತೀರಿ?